ದಿಬ್ಬಕ್ಕೆ ಬಣ್ಣವಿರಲಿಲ್ಲ

ನಗರಸಭೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಒಂದು ಉದ್ದನೆಯ ಕೋಣೆ. ಬಾಗಿಲ ಮೇಲೆ ‘ಯೋಜನಾ ವಿಭಾಗ’ ಅಂತ ಬರೆದಿತ್ತು. ಒಳಗೆ ಓರೆಯಾಗಿ ನಿಲ್ಲಿಸಿದ ಎರಡು ದೊಡ್ಡ ಮೇಜು, ಗೋಡೆಗೆ ಒರಗಿಸಿಟ್ಟ ತಗಡಿನ ಕೊಳವೆಗಳು, ಅವುಗಳೊಳಗೆ ಸುರುಳಿ ಸುತ್ತಿ ಮಲಗಿಸಿದ ಊರು. ಸ್ಕೇಲಕ್ಕ ಆ ಕೋಣೆಯಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದಳು. ಇಪ್ಪತ್ತಮೂರನೇ ವಯಸ್ಸಿಗೆ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಾಗ ಅವಳಿಗೂ ಎಲ್ಲರ ಹಾಗೆ ಅಪ್ಪ ಅಮ್ಮ ಇಟ್ಟ ಹೆಸರೇ ಇತ್ತು. ಆದರೆ ಕೈಚೀಲದಿಂದ ಅರ್ಧ ಅಡಿ ಹೊರಗೆ ಇಣುಕುವ ಮರದ ಸ್ಕೇಲನ್ನು ಬಸ್ಸಿಗೂ ಸಂತೆಗೂ ಹೊತ್ತುಕೊಂಡು ಹೋಗುತ್ತಿದ್ದರಿಂದ ಎರಡೇ ವರ್ಷದಲ್ಲಿ ಅವಳು ಇಡೀ ಕಚೇರಿಗೆ ಸ್ಕೇಲಕ್ಕ ಆಗಿಬಿಟ್ಟಳು.

ಅವಳ ಕೈ ಅಷ್ಟು ಖಚಿತ. ಒಮ್ಮೆ ಎಳೆದ ಗೆರೆಯನ್ನು ಇನ್ನೊಮ್ಮೆ ಎಳೆದವಳಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ಗಂಡ ನೆಂಟರ ಮುಂದೆ, “ನಮ್ಮನೇಲಿ ತರಕಾರಿ ಹೆಚ್ಚೋದೂ ಅಳತೆ ಪ್ರಕಾರವೇ. ನಾನು ಮಲಗಬೇಕಾದರೂ ಗೋಡೆಯಿಂದ ಒಂದೂವರೆ ಅಡಿ ಜಾಗ ಬಿಡಬೇಕು” ಅಂತ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಒಳಗೊಳಗೆ ಅವಳಿಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು.

ಅವಳ ಕೆಲಸದ ಮುಖ್ಯ ಭಾಗ ಊರಿನ ಭೂಬಳಕೆ ನಕ್ಷೆ. ಹತ್ತು ವರ್ಷಕ್ಕೊಮ್ಮೆ ನಗರಸಭೆ ತನ್ನ ಇಡೀ ಜಾಗವನ್ನು ಕಾಗದದ ಮೇಲೆ ಹರವಿಕೊಂಡು, ಎಲ್ಲಿ ಏನಿದೆ, ಮುಂದೆ ಎಲ್ಲಿ ಏನು ಬರಬಹುದು ಅಂತ ತೀರ್ಮಾನ ಮಾಡುತ್ತದೆ. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಕಾರ್ಖಾನೆಗೆ ನೇರಳೆ, ತೋಟಕ್ಕೂ ಉದ್ಯಾನಕ್ಕೂ ಬೇರೆ ಬೇರೆ ಹಸಿರು. ಇವೆಲ್ಲ ರಾಜಧಾನಿಯಿಂದ ಬರುವ ಪಟ್ಟಿಯಲ್ಲಿ ಇರುತ್ತವೆ. ಪಟ್ಟಿಯಲ್ಲಿ ಹನ್ನೆರಡು ಬಣ್ಣ. ಯಾವ ಬಣ್ಣಕ್ಕೂ ಸೇರದ ಜಾಗ ಬಿಳಿಯಾಗಿ ಉಳಿಯುತ್ತದೆ. ಅದಕ್ಕೆ ‘ಖಾಲಿ’ ಅಂತ ಹೆಸರು. ಬಿಳಿ ಜಾಗದಲ್ಲಿ ಯಾರು ಏನು ಕಟ್ಟಬೇಕೆಂದರೂ ಅರ್ಜಿ ಹಾಕಬಹುದು. ಊರಿಗೆ ಪಡುವಣ ಬದಿ ಪೂರ್ತಿ ಕಡಲು. ಆ ಬದಿಯಲ್ಲಿ ಇನ್ನೊಂದು ಗೆರೆಯೂ ಬೇಕು: ಭರತದ ನೀರು ಅತಿ ಮೇಲೆ ಬಂದಾಗ ಮುಟ್ಟುವ ಗೆರೆ. ಅದರಿಂದ ಊರ ಕಡೆಗೆ ಇಷ್ಟು ಅಡಿಯವರೆಗೆ ಗಟ್ಟಿ ಕಟ್ಟಡ ಬರಕೂಡದು. ವರ್ಷಕ್ಕೆರಡು ಸಲ ಗೂಟ, ಹಗ್ಗ, ಕೊಡೆ ಹಿಡಿದು ಹೋಗಿ ಆ ಗೆರೆಯನ್ನು ನೋಡಿಕೊಂಡು ಬರುವುದು ಅವಳ ಪಾಲಿಗೆ ಬಂದಿತ್ತು.

ಮೊದಮೊದಲು ಅವಳ ಜೊತೆ ಹೋಗುತ್ತಿದ್ದವರು ಮುದಿ ಸರ್ವೆಯವರು. ಎಲ್ಲರೂ ಅವರನ್ನು ಸರಪಳಿ ಮಾವ ಅನ್ನುತ್ತಿದ್ದರು. ಊರಿನ ದಕ್ಷಿಣ ತುದಿಯಲ್ಲಿ, ಕಡಲಿಗೂ ಮನೆಗಳಿಗೂ ನಡುವೆ, ಉದ್ದಕ್ಕೆ ಮಲಗಿದ ಎಮ್ಮೆಯ ಬೆನ್ನಿನಂಥ ಒಂದು ಮರಳ ದಿಬ್ಬವಿತ್ತು. ಮೇಲೆ ಗಿಡ್ಡ ಬಳ್ಳಿ, ಮುಳ್ಳು ಹುಲ್ಲು. ಮಾವ ಆ ದಿಬ್ಬದ ಬುಡಕ್ಕೆ ಬಂದಾಗಲೆಲ್ಲ ಅಳತೆಯ ಸರಪಳಿ ಕೆಳಗಿಟ್ಟು ಕೂತುಬಿಡುತ್ತಿದ್ದರು.

“ಇದನ್ನ ಅಳೆಯಲ್ವಾ ಮಾವ?” ಅಂತ ಅವಳು ಮೊದಲ ಸಲ ಕೇಳಿದ್ದಳು.

“ಹೇಗೆ ಅಳೆಯೋದು ಮಗಳೇ? ಮಳೆಗಾಲದಲ್ಲಿ ಕಡಲು ಇದರಿಂದ ಒಂದಿಷ್ಟು ತಗೊಂಡು ಹೋಗುತ್ತೆ, ಬೇಸಿಗೆಯಲ್ಲಿ ತಂದು ವಾಪಸ್ ಹಾಕುತ್ತೆ. ಇವತ್ತು ಅಳೆದ್ರೆ ಆರು ತಿಂಗಳಿಗೆ ಸುಳ್ಳಾಗುತ್ತೆ. ಅದಕ್ಕೇ ಯಾವ ನಕ್ಷೆಗೂ ಬಂದಿಲ್ಲ.” ಹಿಂದಿನ ಓಣಿಯತ್ತ ಕೈ ತೋರಿಸಿ ಹೇಳಿದ್ದರು: “ಆದ್ರೆ ಹಿಂದೆ ಇರೋ ಮನೆಗಳು ನಿಂತಿರೋದು ಇದರ ದೆಸೆಯಿಂದ. ಯಾವಾಗಲಾದ್ರೂ ಬರೆಯೋಕಾದ್ರೆ ಬರಿ.”

ಆ ದಿಬ್ಬದ ಹಿಂದಿನ ಓಣಿಗೇ ಅವಳ ತಂಗಿಯನ್ನು ಕೊಟ್ಟಿತ್ತು. ಹದಿನಾಲ್ಕು ಮನೆಗಳ ಓಣಿ, ಎದುರುಬದುರು ಏಳೇಳು. ತಂಗಿಯ ಗಂಡ ದೋಣಿ ಬಡಗಿ. ದಿಬ್ಬದ ಒಳಮಗ್ಗುಲಲ್ಲಿ, ಗಾಳಿ ಬೀಸದ ಕಡೆ, ನಾಲ್ಕು ಕಂಬ ನೆಟ್ಟು ಮೇಲೆ ಹಾಯಿಬಟ್ಟೆ ಹಾಸಿದ ಚಪ್ಪರವೇ ಅವನ ಕಾರ್ಖಾನೆ. ಬಿರಿದ ಹಲಗೆ ಬಿಚ್ಚುವುದು, ಹೊಸ ಹಲಗೆಯನ್ನು ಕಾಯಿಸಿ ಬಗ್ಗಿಸುವುದು, ಸಂದಿಗೆ ನಾರು ತುರುಕಿ ಅಂಟು ಬಳಿಯುವುದು. ಒಂದು ಹೊತ್ತಿಗೆ ಮೂರ್ನಾಲ್ಕು ದೋಣಿಗಳು ಅಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿರುತ್ತಿದ್ದವು. ಓಣಿಯ ಹೆಂಗಸರು ದಿಬ್ಬದ ಮೇಲೆ ಬಲೆ ಹರವುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು, ಮಾತಿಗೆ ಕೂರುತ್ತಿದ್ದರು. ಯಾರ ಹೆಸರಲ್ಲೂ ಪತ್ರವಿಲ್ಲ, ಯಾರಿಗೂ ಬೇಕು ಅನ್ನಿಸಿಯೂ ಇರಲಿಲ್ಲ.

ಸ್ಕೇಲಕ್ಕ ಭಾನುವಾರ ಭಾನುವಾರ ಅಲ್ಲಿಗೆ ಹೋಗುತ್ತಿದ್ದಳು. ಅಕ್ಕ ತಂಗಿಯರಿಗೆ ಐದು ವರ್ಷದ ಅಂತರ. ತಂಗಿ ಬಾಯಾಳಿ, ಅಕ್ಕ ಮಿತಭಾಷಿ. ಒಬ್ಬಳು ಮಾತಾಡಲು, ಒಬ್ಬಳು ಕೇಳಲು. ಊಟವಾದ ಮೇಲೆ ಇಬ್ಬರೂ ದಿಬ್ಬದ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಕೆಳಗೆ ಬಡಗಿಯ ಉಳಿ ಟಕ್ ಟಕ್ ಅನ್ನುತ್ತಿತ್ತು. ಭಾನುವಾರವೂ ಬಿಡುವು ಮಾಡದ ಮನುಷ್ಯ ಅಂತ ತಂಗಿ ಬೈಯುತ್ತಿದ್ದಳು.

ಸ್ಕೇಲಕ್ಕ ಕೆಲಸಕ್ಕೆ ಸೇರಿದ ಹತ್ತೊಂಬತ್ತನೇ ವರ್ಷ ಹೊಸ ನಕ್ಷೆಯ ಸರದಿ ಬಂತು. ಅಷ್ಟರಲ್ಲಿ ಸರಪಳಿ ಮಾವ ನಿವೃತ್ತರಾಗಿ, ತೀರಿಯೂ ಹೋಗಿದ್ದರು. ಹೊಸದಾಗಿ ಬಂದ ಯೋಜನಾಧಿಕಾರಿ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ಕೆಟ್ಟವನಲ್ಲ. ಎಲ್ಲರಿಗೂ ನಮಸ್ಕಾರ ಹೇಳಿಯೇ ಒಳಗೆ ಬರುತ್ತಿದ್ದ, ಕೆಳಗಿನವರನ್ನೂ ಬಹುವಚನದಲ್ಲೇ ಕರೆಯುತ್ತಿದ್ದ. ಅವನಿಗೆ ಕೆಲಸ ಹೊತ್ತಿಗೆ ಮುಗಿಯಬೇಕಿತ್ತು, ಅಷ್ಟೇ.

ಸ್ಕೇಲಕ್ಕ ಎರಡು ತಿಂಗಳು ಊರೆಲ್ಲ ಸುತ್ತಿ ಮೂಲ ಹಾಳೆ ತಯಾರಿಸಿದಳು. ದಕ್ಷಿಣ ತುದಿಗೆ ಬಂದಾಗ ಪೆನ್ಸಿಲ್ ಹಿಡಿದ ಕೈ ನಿಂತಿತು. ಹನ್ನೆರಡು ಬಣ್ಣದಲ್ಲಿ ದಿಬ್ಬಕ್ಕೆ ಯಾವುದು? ತೋಟ ಅಲ್ಲ. ಉದ್ಯಾನ ಅಲ್ಲ. ದೋಣಿ ಕೆಲಸಕ್ಕೆ ಯಾವುದು? ಪರವಾನಗಿ ಇಲ್ಲದ್ದು ಕಾರ್ಖಾನೆ ಆಗುವುದಿಲ್ಲ. ಕೊನೆಗೆ ದಿಬ್ಬದ ಅಂಚನ್ನು ಚುಕ್ಕಿ ಗೆರೆಯಲ್ಲಿ ತೋರಿಸಿ, ಸಣ್ಣ ಅಕ್ಷರದಲ್ಲಿ ಪೆನ್ಸಿಲಿನಲ್ಲೇ ಬರೆದಳು: ‘ಮರಳ ದಿಬ್ಬ, ದೋಣಿ ಕೆಲಸ, ಬಲೆ ಒಣಗಿಸುವ ಜಾಗ.’ ಒಂದು ಕ್ಷಣ ಉದ್ಯಾನದ ಹಸಿರನ್ನೇ ಬಳಿದುಬಿಡೋಣ ಅಂತಲೂ ಅನ್ನಿಸಿತ್ತು. ಹಾಗೆ ಬಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಇಲ್ಲದ ಉದ್ಯಾನವನ್ನು ಇದೆ ಅಂತ ತೋರಿಸುವುದು ಅವಳ ಜಾಯಮಾನಕ್ಕೆ ಒಗ್ಗಲಿಲ್ಲ.

ಅಧಿಕಾರಿ ಹಾಳೆ ನೋಡಿ ಮೆಚ್ಚಿಕೊಂಡ. ದಕ್ಷಿಣ ತುದಿಯ ಮೇಲೆ ಬೆರಳಿಟ್ಟ.

“ಇದೇನಮ್ಮ ಬರಹ?”

“ಅಲ್ಲಿ ಇರೋದು ಸರ್. ಪಟ್ಟಿಯಲ್ಲಿ ಬಣ್ಣ ಇಲ್ಲ, ಅದಕ್ಕೆ…”

“ಪಟ್ಟಿಯಲ್ಲಿ ಇಲ್ಲದ್ದು ಕಂಪ್ಯೂಟರಿಗೆ ಹೋಗಲ್ಲಮ್ಮ. ಹಾಳೆ ಶುಚಿಯಾಗಿರಲಿ.”

ಅವಳು ರಬ್ಬರ್ ತಗೊಂಡು ಅಳಿಸಿದಳು. ಚೂರು ಪಾರು ಉಳಿಯದ ಹಾಗೆ, ಕಾಗದ ಸವೆಯದ ಹಾಗೆ, ತನ್ನ ಎಂದಿನ ಅಚ್ಚುಕಟ್ಟಿನಲ್ಲಿ ಅಳಿಸಿದಳು.

ಹದಿನೈದು ದಿನದ ನಂತರ ಸಭೆ. ಕೆಳಗಿನ ದೊಡ್ಡ ಹಾಲಿನಲ್ಲಿ ಅಧ್ಯಕ್ಷರು, ಸದಸ್ಯರು, ಎಂಜಿನಿಯರು, ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿದ ನಕ್ಷೆ. ಸ್ಕೇಲಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದಳು. ಬರೆದವರು ಹಾಜರಿರಬೇಕು ಅಂತ ವಾಡಿಕೆ, ಮಾತಾಡಬೇಕು ಅಂತೇನಿಲ್ಲ. ದಕ್ಷಿಣ ತುದಿ ಬಂದಾಗ ಅಧ್ಯಕ್ಷರು ಕನ್ನಡಕ ಏರಿಸಿಕೊಂಡರು.

“ಇಲ್ಲಿ ಏನಿದೆ, ಈ ಬಿಳಿ ಇದೆಯಲ್ಲ?”

ಅಧಿಕಾರಿ ಹಿಂದೆ ತಿರುಗಿ ಅವಳನ್ನು ನೋಡಿದ. ಎಲ್ಲರೂ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಆ ಹಾಲಿನಲ್ಲಿ ಅವಳನ್ನು ಯಾರಾದರೂ ಒಂದು ಮಾತು ಕೇಳಿದ್ದು ಅದೇ ಮೊದಲು. ಎದ್ದು ನಿಂತಳು. ಕಣ್ಣು ಗೋಡೆಯ ಮೇಲಿನ ನಕ್ಷೆಗೆ ಅಂಟಿಕೊಂಡಿತ್ತು. ಅಲ್ಲಿ ಬಿಳಿ ಬಿಟ್ಟರೆ ಬೇರೇನೂ ಕಾಣಲಿಲ್ಲ.

“ಖಾಲಿ ಸರ್” ಅಂದಳು.

“ಒಳ್ಳೇದಾಯ್ತು” ಅಂದರು ಅಧ್ಯಕ್ಷರು. ಅಲ್ಲಿಗೆ ಕಡಲ ದಂಡೆಯ ನಡಿಗೆದಾರಿ, ವಾಹನ ನಿಲ್ದಾಣ, ಕೂರಲು ಬೆಂಚು ಅಂತ ಗುರುತು ಹಾಕಿಕೊಂಡರು. ಇವು ಯಾವುವೂ ಕಟ್ಟಡ ಅಲ್ಲದ್ದರಿಂದ ಭರತದ ಗೆರೆಯೂ ಅಡ್ಡ ಬರಲಿಲ್ಲ. ಮುಂದಿನ ಹಾಳೆ ಬಂತು. ಅವಳು ಕೂತಳು. ಇಡೀ ವಿಚಾರಕ್ಕೆ ಎರಡು ನಿಮಿಷವೂ ಹಿಡಿದಿರಲಿಲ್ಲ.

ಇಷ್ಟೇ ಆಗಿದ್ದರೆ, ಗಾಬರಿಯಲ್ಲಿ ಬಾಯಿ ತಪ್ಪಿತು ಅಂತ ಅವಳು ತನ್ನನ್ನು ತಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದಳೋ ಏನೋ. ಆದರೆ ಆ ಮೇಲೆ ಮೂವತ್ತು ದಿನ ಇತ್ತು. ಕರಡು ನಕ್ಷೆಯನ್ನು ಮೂವತ್ತು ದಿನ ಜನರ ಮುಂದಿಡಬೇಕು, ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು ಅಂತ ಕಾನೂನು. ಜನರ ಮುಂದೆ ಅಂದರೆ ಮೆಟ್ಟಿಲ ಕೆಳಗಿನ ಸೂಚನಾ ಫಲಕ. ಒಂದು ಕಡೆ ಟೆಂಡರು, ಇನ್ನೊಂದು ಕಡೆ ನೀರು ಬಿಡುವ ವೇಳಾಪಟ್ಟಿ, ನಡುವೆ ಅವಳೇ ಪಿನ್ನು ಚುಚ್ಚಿದ ನಕ್ಷೆ. ಊರಿನ ಬೇರೆ ಬೇರೆ ಕಡೆಯಿಂದ ನಲವತ್ತಮೂರು ಆಕ್ಷೇಪಣೆ ಬಂದವು. ತನ್ನ ಗೋದಾಮಿಗೆ ಹಳದಿ ಬಿದ್ದಿದೆ, ನೀಲಿ ಬೇಕು ಅಂದವರು. ಪಕ್ಕದವನಿಗೆ ನೀಲಿ ಯಾಕೆ ಅಂದವರು. ಓದಿ ತಿಳಿದವರೆಲ್ಲ ಬಂದರು. ದಿಬ್ಬದ ಹಿಂದಿನ ಓಣಿಯಿಂದ ಒಂದೂ ಬರಲಿಲ್ಲ. ಅವರಿಗೆ ನಗರಸಭೆಗೆ ಬರುವ ಕೆಲಸವೇ ಇರುತ್ತಿರಲಿಲ್ಲ.

ಆ ಮೂವತ್ತು ದಿನದಲ್ಲಿ ನಾಲ್ಕು ಭಾನುವಾರ ಬಂದು ಹೋದವು. ನಾಲ್ಕೂ ಭಾನುವಾರ ಅವಳು ತಂಗಿಯ ಮನೆಯಲ್ಲಿ ಉಂಡಳು. ಮೊದಲ ವಾರ ಹೇಳಬೇಕು ಅಂದುಕೊಂಡೇ ಹೋಗಿದ್ದಳು. ತಂಗಿಯ ಮಾತಿನ ನಡುವೆ ಸಂದು ಸಿಗಲಿಲ್ಲ. ಎರಡನೆಯ ವಾರ, ಕಚೇರಿಯ ವಿಷಯ ಹೊರಗೆ ಹೇಳಬಾರದು ಅಂತ ತನಗೆ ತಾನೇ ನೆನಪಿಸಿಕೊಂಡಳು, ಫಲಕದ ಮೇಲೆ ಅಂಟಿಸಿದ್ದು ಯಾವ ಗುಟ್ಟು ಅಂತ ಕೇಳಿಕೊಳ್ಳದೆ. ಮೂರನೆಯ ವಾರ ಬಡಗಿಯೇ ಕೇಳಿದ. ಕೈಗೆ ಹತ್ತಿದ ಅಂಟನ್ನು ಎಣ್ಣೆ ಹಾಕಿ ಉಜ್ಜುತ್ತಾ, “ಏನೋ ಪ್ಲಾನ್ ಬರ್ತಾ ಇದೆಯಂತಲ್ಲ ಅತ್ತಿಗೆ, ನಮಗೇನಾದ್ರೂ ತೊಂದ್ರೆ ಇದೆಯಾ?” ಅಂದ.

“ಇನ್ನೂ ಕರಡು. ಬದಲಾಗುತ್ತೆ. ಆಮೇಲೆ ನೋಡೋಣ” ಅಂದಳು.

“ನೀವೇ ಬರೆಯೋರು ಅಲ್ಲಿರುವಾಗ ನಮಗೇನು ಭಯ ಬಿಡಿ” ಅಂತ ಅವನು ನಕ್ಕ.

ಅವಳಿಗೆ ಏನು ಅಡ್ಡ ಬಂದಿತ್ತು? ನೆಂಟರಿಗೆ ಉಪಕಾರ ಮಾಡಿದಳು ಅಂತ ಹೆಸರು ಬರಬಾರದು ಅನ್ನುವ ಹಟ ಸ್ವಲ್ಪ. ಎಷ್ಟೋ ವರ್ಷದ ಅವಳ ಒಳ್ಳೆಯ ಹೆಸರೆಲ್ಲ ಅದರ ಮೇಲೇ ನಿಂತಿತ್ತು. ಆದರೆ ಹೆಚ್ಚಿನದು ನಾಚಿಕೆ. ಹೇಳಲು ಹೊರಟರೆ ಸಭೆಯಲ್ಲಿ ತಾನು ಹೇಳಿದ ಆ ಒಂದು ಪದವನ್ನೂ ಹೇಳಬೇಕಾಗುತ್ತಿತ್ತು. ನಾಲ್ಕನೆಯ ಭಾನುವಾರ ಅವಳು ಬೇಗ ಎದ್ದು ಬಂದಳು. ಮಂಗಳವಾರಕ್ಕೆ ಮೂವತ್ತು ದಿನ ಮುಗಿಯಿತು. ಪಿನ್ನು ಕಿತ್ತು ನಕ್ಷೆಯನ್ನು ಸುತ್ತಿಟ್ಟವಳೂ ಅವಳೇ.

ಎರಡು ವರ್ಷಕ್ಕೆ ಯಂತ್ರಗಳು ಬಂದವು. ದಿಬ್ಬ ಕರಗಲು ಒಂಬತ್ತು ದಿನ ಸಾಕಾಯಿತು. ಆ ಮರಳನ್ನೇ ಹಿಂದಿನ ತಗ್ಗಿಗೆ ತುಂಬಿ ವಾಹನ ನಿಲ್ಲಿಸಲು ಸಮ ಮಾಡಿದರು. ಮುಂದೆ ಕಲ್ಲಿನ ಗೋಡೆ, ಅದರ ಮೇಲೆ ನಡಿಗೆದಾರಿ, ಬೆಂಚು, ಸಾಲು ದೀಪ. ಉದ್ಘಾಟನೆಗೆ ಊರಿಗೆ ಊರೇ ನೆರೆದಿತ್ತು. ಮುದುಕರು ಕೋಲೂರಿ ನಡೆದರು, ಗಾಲಿಕುರ್ಚಿಯಲ್ಲಿ ಕೂತವರು ಜೀವನದಲ್ಲಿ ಮೊದಲ ಸಲ ಕಡಲನ್ನು ಅಷ್ಟು ಹತ್ತಿರದಿಂದ ನೋಡಿದರು. ಅವರ ಸಂತೋಷ ಸುಳ್ಳಾಗಿರಲಿಲ್ಲ. ಸ್ಕೇಲಕ್ಕನಿಗೂ ಅವತ್ತು ಒಂದು ಗಳಿಗೆ, ಆದದ್ದು ಒಳ್ಳೆಯದಕ್ಕೇ ಇರಬಹುದೇನೋ ಅನ್ನಿಸಿತ್ತು.

ಬಡಗಿಯ ಚಪ್ಪರ ಮೊದಲು ವಾಹನ ನಿಲ್ಲಿಸುವ ಜಾಗದ ಮೂಲೆಗೆ ಸರಿಯಿತು. ಸೀಟಿ ಹಿಡಿದ ಕಾವಲುಗಾರ ಬಂದು, ಇಲ್ಲಿ ಹೊಗೆ ಹಾಕಬಾರದು ಅಂದ. ಹಲಗೆ ಕಾಯಿಸದೆ ಬಗ್ಗುವುದಿಲ್ಲ. ಆಮೇಲೆ ಇಲ್ಲಿ ದೋಣಿ ಇಡಬಾರದು ಅಂದ. ದೋಣಿಗಳು ಆರು ಮೈಲಿ ಆಚೆಯ ಬಂದರಿಗೆ ಹೋದವು, ಅಲ್ಲಿ ಬೇರೆ ಬಡಗಿಗಳಿದ್ದರು.

ಕಡಲು ಮೊದಲ ಮಳೆಗಾಲ ಸುಮ್ಮನಿತ್ತು. ಎರಡನೆಯ ಮಳೆಗಾಲ ಗೋಡೆಗೆ ಬಡಿದ ನೀರು ಗೋಡೆ ಮುಗಿಯುವ ದಕ್ಷಿಣದ ಕೊನೆಗೆ ತಿರುಗಿ, ಅಲ್ಲಿಂದ ಒಳಗೆ ನುಗ್ಗತೊಡಗಿತು. ವಾಪಸ್ ಕೊಡಲು ಅದರ ಬಳಿ ಮರಳಿರಲಿಲ್ಲ. ಓಣಿಯ ಮುಂದಿನ ರಸ್ತೆ ಹೋಯಿತು, ಬಾವಿ ಉಪ್ಪಾಯಿತು, ಕೊನೆಯ ಎರಡು ಮನೆಗಳ ಹಿತ್ತಲು ಕುಸಿಯಿತು. ನಗರಸಭೆ ಕಲ್ಲು ತಂದು ಸುರಿಯಿತು. ಮೂರನೆಯ ವರ್ಷ ಕಲ್ಲುಗಳೂ ಕಾಣದಾದವು.

ಓಣಿ ಹೋದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ. ಕಚೇರಿಗೆ ಫೋನು ಬಂದದ್ದೇ ಸ್ಕೇಲಕ್ಕ ಗಂಡನ ಸ್ಕೂಟರಿನ ಹಿಂದೆ ಕೂತು ಹೊರಟಳು. ಹೋಗಿ ನೋಡಿದರೆ ಓಣಿಯ ಉದ್ದಕ್ಕೂ ಮೊಣಕಾಲು ನೀರು. ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು, ಪ್ರತಿ ಸಲ ಸರಿಯುವಾಗಲೂ ಗೋಡೆಗಳ ಕೆಳಗಿನ ಮಣ್ಣನ್ನು ಎಳೆದುಕೊಂಡು ಹೋಗುತ್ತಿತ್ತು. ಜನ ಪಾತ್ರೆ, ಹಾಸಿಗೆ ಎಲ್ಲ ಆಗಲೇ ಸಾಗಿಸಿದ್ದರು. ತಂಗಿ ಮತ್ತು ಬಡಗಿ ಬಾಗಿಲು ಬಿಚ್ಚುತ್ತಿದ್ದರು. ಮದುವೆಯಾದ ವರ್ಷ ಅವನೇ ಹಳೆಯ ದೋಣಿಯ ಮರದಿಂದ ಮಾಡಿದ ಬಾಗಿಲು. ತಿರುಗಣಿ ತುಕ್ಕು ಹಿಡಿದು ಬಿಗಿದಿತ್ತು.

“ಬಿಡೇ, ಹೊರಗೆ ಬಾ! ಗೋಡೆ ಬೀಳುತ್ತೆ!” ಅಂತ ಸ್ಕೇಲಕ್ಕ ಕೂಗಿದಳು.

“ಆ ಕಡೆ ಹಿಡ್ಕೋ ಅಕ್ಕ, ಸುಮ್ನೆ ಕೂಗ್ಬೇಡ” ಅಂದಳು ತಂಗಿ.

ಅವಳು ನೀರಿಗಿಳಿದು ಹಿಡಿದಳು. ನಾಲ್ವರೂ ಸೇರಿ ಬಾಗಿಲನ್ನು ಹೆಗಲ ಮೇಲೆ ಹೊತ್ತು ಆಚೆಯ ದೊಡ್ಡ ರಸ್ತೆಗೆ ತಂದರು. ತಿರುಗಿ ನೋಡಿದಾಗ ಇನ್ನೂ ಐದಾರು ಮನೆಯವರು ಹಾಗೆಯೇ ತಮ್ಮ ತಮ್ಮ ಬಾಗಿಲು ಹೊತ್ತು ಬರುತ್ತಿದ್ದರು. ಸಂಜೆ ಹೊತ್ತಿಗೆ ಹದಿನಾಲ್ಕರಲ್ಲಿ ಒಂಬತ್ತು ಮನೆ ಬಿದ್ದವು. ಉಳಿದ ಐದನ್ನು ನಗರಸಭೆಯೇ ಆಮೇಲೆ ಕೆಡವಿತು. ಯಾರ ಜೀವವೂ ಹೋಗಲಿಲ್ಲ. ವರದಿಯಲ್ಲಿ ಅದನ್ನೇ ಮೊದಲ ಸಾಲಿನಲ್ಲಿ ಬರೆದರು.

ಎಲ್ಲರಿಗೂ ಊರ ಹೊರಗೆ, ಹಳೆಯ ಕಲ್ಲು ಕ್ವಾರಿಯ ಪಕ್ಕದ ಕಟ್ಟಡದಲ್ಲಿ ಎರಡೆರಡು ಕೋಣೆಯ ಮನೆ ಸಿಕ್ಕಿತು. ತಂಗಿಯದು ಮೂರನೇ ಮಹಡಿ. ಅವಳ ಒಬ್ಬಳೇ ಮಗಳು ಅಷ್ಟರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ಅಲ್ಲಿಗೆ ಆಗಲೇ ತಗಡಿನ ಬಾಗಿಲು ಕೂರಿಸಿದ್ದರಿಂದ ಹೊತ್ತು ತಂದ ಬಾಗಿಲನ್ನು ಗೋಡೆಗೆ ಒರಗಿಸಿಟ್ಟರು. ಬಡಗಿ ಪೀಠೋಪಕರಣದ ಕಾರ್ಖಾನೆಯೊಂದಕ್ಕೆ ಸೇರಿ ಅಡುಗೆಮನೆಯ ಕಪಾಟು ಮಾಡತೊಡಗಿದ. ಒಂದು ದಿನ ಅವನು ಸ್ಕೇಲಕ್ಕನ ಗಂಡನಿಗೆ ಹೇಳಿದನಂತೆ: “ಎಲ್ಲಾ ನೇರ ಹಲಗೆ ಭಾವ. ಒಂದನ್ನೂ ಬಗ್ಗಿಸೋ ಹಾಗಿಲ್ಲ.”

ಸ್ಕೇಲಕ್ಕ ಅಲ್ಲಿಗೂ ಭಾನುವಾರ ಹೋಗುತ್ತಿದ್ದಳು. ತಂಗಿ ಅಧ್ಯಕ್ಷರನ್ನು ಬೈಯುತ್ತಿದ್ದಳು, ಎಂಜಿನಿಯರನ್ನು ಬೈಯುತ್ತಿದ್ದಳು, ಕಡಲನ್ನೂ ಬೈಯುತ್ತಿದ್ದಳು. ಅಕ್ಕ ಕೇಳಿಸಿಕೊಂಡು ಕೂರುತ್ತಿದ್ದಳು. ಹಾಗೆ ಸುಮಾರು ಮೂರು ವರ್ಷ ಕೂತಳು.

ಸ್ಕೇಲಕ್ಕನ ಕೆಲಸದ ಇಪ್ಪತ್ತೇಳನೇ ವರ್ಷದಲ್ಲಿ ಕಚೇರಿ ಪೂರ್ತಿ ಕಂಪ್ಯೂಟರಿಗೆ ಹೋಯಿತು. ತಗಡಿನ ಕೊಳವೆಗಳನ್ನು ಖಾಲಿ ಮಾಡಿ ಬೇಡದ್ದನ್ನು ಗುಜರಿಗೆ ಹಾಕಿ ಅಂದರು. ಹಾಳೆಗಳನ್ನು ಒಂದೊಂದಾಗಿ ಬಿಚ್ಚುವಾಗ ಆ ಮೂಲ ಹಾಳೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದಳು. ಎಷ್ಟು ಜಾಗ್ರತೆಯಿಂದ ಅಳಿಸಿದ್ದರೂ ಪೆನ್ಸಿಲಿನ ತುದಿ ಒತ್ತಿದ ಗುಳಿ ಕಾಗದದಲ್ಲಿ ಉಳಿದಿತ್ತು. ಓರೆ ಬೆಳಕಿನಲ್ಲಿ ಅಕ್ಷರ ಅಕ್ಷರವೂ ಓದಬಹುದಿತ್ತು. ಆಮೇಲೆ ಹಾಳೆಯನ್ನು ಸುತ್ತಿ ಮನೆಗೆ ತಂದಳು. ಅವಳ ಕೆಲಸದ ಬದುಕಿನಲ್ಲಿ ಕಚೇರಿಯ ಕಾಗದವನ್ನು ಮನೆಗೆ ತಂದದ್ದು ಅದೊಂದೇ ಸಲ.

ಆ ಭಾನುವಾರ ಹಾಳೆಯನ್ನು ತಂಗಿಯ ಮನೆಯ ನೆಲದ ಮೇಲೆ ಹಾಸಿ ಎಲ್ಲವನ್ನೂ ಹೇಳಿದಳು. ಅಳಿಸಿದ್ದು, ಸಭೆ, ಖಾಲಿ ಅಂದದ್ದು, ಆಮೇಲಿನ ಮೂವತ್ತು ದಿನ. ತಂಗಿ ಮೊದಲು ಅರ್ಥವಾಗದವಳ ಹಾಗೆ ನೋಡಿದಳು.

“ಅಲ್ಲಾ ಅಕ್ಕ, ಅವರು ಕೇಳಿದಾಗ ನಿನಗೆ ನಾವು ನೆನಪಿಗೇ ಬರಲಿಲ್ವಾ?”

“ಬಾಯಿಗೆ ಬರಲಿಲ್ಲ.”

“ಸರಿ, ಬರಲಿಲ್ಲ. ಆವತ್ತು ಹೆದರಿದೆ, ಒಪ್ಕೋತೀನಿ.” ತಂಗಿ ಬೆರಳು ಮಡಚುತ್ತಾ ಲೆಕ್ಕ ಹಾಕಿದಳು. “ಆದ್ರೆ ಆಮೇಲೆ ಒಂದು ತಿಂಗಳು ಟೈಮ್ ಇತ್ತು ಅಂದ್ಯಲ್ಲ. ಆ ತಿಂಗಳು ನೀನು ನಮ್ಮನೆಗೆ ಬಂದಿದ್ಯಾ?”

“ಬಂದಿದ್ದೆ.”

“ಎಷ್ಟು ಸಲ?”

“ನಾಲ್ಕು.”

“ಊಟ ಮಾಡಿದ್ಯಾ?”

ಸ್ಕೇಲಕ್ಕ ಹೌದು ಅಂತ ತಲೆಯಾಡಿಸಿದಳು. ತಂಗಿ ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಬಡಗಿ ಮಾತ್ರ ಹಾಳೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳಿನಿಂದ ಗುಳಿಗಳನ್ನು ಸವರುತ್ತಾ ಕೂತಿದ್ದ. ಬಹಳ ಹೊತ್ತಾದ ಮೇಲೆ ಹೇಳಿದ: “ಚಪ್ಪರ ಇಲ್ಲೇ ಇತ್ತು. ಸರಿಯಾಗೇ ಬರೆದಿದ್ರಲ್ಲ ಅತ್ತಿಗೆ.”

ಅವನ ದನಿಯಲ್ಲಿ ಕೊಂಕಿರಲಿಲ್ಲ. ತಂಗಿಯ ಸಿಟ್ಟಿಗಿಂತ ಅವಳಿಗೆ ಅದೇ ಹೆಚ್ಚು ನಾಟಿತು.

ಹನ್ನೊಂದು ತಿಂಗಳು ತಂಗಿ ಫೋನೆತ್ತಲಿಲ್ಲ. ಆಮೇಲೊಂದು ದಿನ ತಾನಾಗಿಯೇ ಮಾಡಿ, “ಮಗಳಿಗೆ ಹೆರಿಗೆ ಆಯ್ತು. ಹೆಣ್ಣು. ಬಂದು ನೋಡ್ಕೊಂಡು ಹೋಗು” ಅಂದಳು. ಸ್ಕೇಲಕ್ಕ ಹೋದಳು. ಮಗುವಿನ ಮೂಗು ಯಾರ ಹಾಗಿದೆ ಅಂತ ಇಬ್ಬರೂ ಚರ್ಚೆ ಮಾಡಿದರು. ಆ ವಿಷಯ ಮಾತ್ರ ಇಬ್ಬರ ನಡುವೆ ಮತ್ತೆ ಬರಲಿಲ್ಲ. ಭಾನುವಾರಗಳು ಮೊದಲಿನ ಹಾಗೆ ಆಗಲಿಲ್ಲ, ತಿಂಗಳಿಗೊಮ್ಮೆ ಆದವು.

ಕೆಲಸದ ಇಪ್ಪತ್ತೊಂಬತ್ತನೇ ವರ್ಷ ಮತ್ತೆ ನಕ್ಷೆಯ ಸರದಿ ಬಂತು. ಈ ಸಲ ಕಣ್ಣು ಬಿದ್ದದ್ದು ಉತ್ತರದ ದಂಡೆಯ ಮೇಲೆ. ಅಲ್ಲೂ ಒಂದು ದಿಬ್ಬ, ಹಿಂದೆ ಮೂವತ್ತು ಮನೆ. ಸ್ಕೇಲಕ್ಕ ಯಾರನ್ನೂ ಕೇಳದೆ ಆ ಮನೆಗಳಿಗೆ ಹೋದಳು. ಅಲ್ಲಿಯ ನಾಲ್ಕು ಜನರನ್ನು ಕರೆದುಕೊಂಡು ದಿಬ್ಬದ ಉದ್ದಕ್ಕೂ ನಡೆದು, ಯಾವ ಕಾಲದಲ್ಲಿ ಅಲ್ಲಿ ಏನಾಗುತ್ತದೆ ಅಂತ ಅವರು ಹೇಳಿದ್ದನ್ನು ಬರೆದುಕೊಂಡಳು. ಸಭೆಯಲ್ಲಿ ಯಾರೂ ಕೇಳುವ ಮೊದಲೇ ಎದ್ದು ನಿಂತಳು.

“ಅದು ಖಾಲಿ ಅಲ್ಲ ಸರ್.”

ಹೊಸ ಅಧಿಕಾರಿ, “ಪಟ್ಟಿಯಲ್ಲಿ ಇಲ್ಲವಲ್ಲಮ್ಮ” ಅಂದ.

“ಹಾಗಾದ್ರೆ ಪಟ್ಟಿ ಸಾಲದು ಸರ್. ದಕ್ಷಿಣದಲ್ಲೂ ಹೀಗೇ ಆಯ್ತು. ಖಾಲಿ ಅಂತ ಹೇಳಿದವಳು ನಾನೇ. ಹದಿನಾಲ್ಕು ಮನೆ ಹೋಯ್ತು.”

ಅವಳು ಕೂರಲಿಲ್ಲ. ಬರೆದುಕೊಂಡದ್ದನ್ನೆಲ್ಲ ಓದಿ ಮುಗಿಸಿದಳು. ಫಲ ಅರ್ಧ ಸಿಕ್ಕಿತು. ದಿಬ್ಬವನ್ನು ‘ಮುಟ್ಟಬಾರದ ಜಾಗ’ ಅಂತ ಗುರುತು ಮಾಡಿದರು, ಆದರೆ ನಡುವೆ ಸೀಳಿಕೊಂಡು ಒಂದು ರಸ್ತೆಗೆ ಅವಕಾಶ ಇಟ್ಟರು. ಆ ಸೀಳಿನಿಂದ ಈಗ ಮಳೆಗಾಲದಲ್ಲಿ ನೀರು ಬರುತ್ತದೆ. ಮೊದಲ ಮೂರು ಮನೆಯವರು ಬಾಗಿಲಿಗೆ ಮರಳಿನ ಚೀಲ ಅಡ್ಡ ಇಡುತ್ತಾರೆ. ಅವಳ ಪುಣ್ಯದಿಂದ ನಾವು ಉಳಿದೆವು ಅಂತ ಅವರು ಹೇಳಿದರೆ ಅವಳು ಮಾತು ಬದಲಾಯಿಸುತ್ತಾಳೆ. ಹತ್ತು ವರ್ಷ ಮೊದಲು ಎದ್ದು ನಿಲ್ಲಬೇಕಿತ್ತು ಅನ್ನುವುದು ಅವಳಿಗೆ ಗೊತ್ತು.

ನಿವೃತ್ತಿಯಾಗಿ ಈಗ ನಾಲ್ಕು ವರ್ಷ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಅವಳು ನಗರಸಭೆಗೆ ಹೋಗಿ ಮೆಟ್ಟಿಲ ಕೆಳಗೆ ನಿಂತು ಅಂಟಿಸಿದ್ದನ್ನೆಲ್ಲ ಓದುತ್ತಾಳೆ. ಜನರಿಗೆ ತಟ್ಟುವಂಥದ್ದೇನಾದರೂ ಇದ್ದರೆ ಬರೆದುಕೊಂಡು, ಆ ಬೀದಿಗೆ ಬಸ್ಸಿನಲ್ಲಿ ಹೋಗಿ, ಮನೆ ಮನೆಯ ಕದ ತಟ್ಟಿ, ಇಂಥ ದಿನದೊಳಗೆ ಬರೆದು ಕೊಡಿ ಅಂತ ಹೇಳಿ ಬರುತ್ತಾಳೆ. ಕೆಲವರು ಕೂರಿಸಿ ಕೇಳುತ್ತಾರೆ. ಕೆಲವರಿಗೆ ಅವಳು ಜಾಗದ ದಲ್ಲಾಳಿ. ಹೋದ ತಿಂಗಳು ಒಬ್ಬಾಕೆ ಬಾಗಿಲು ಅರ್ಧ ತೆರೆದು, “ಇದರಲ್ಲಿ ನಿಮಗೇನು ಲಾಭ?” ಅಂತ ಕೇಳಿದಳು. “ಏನಿಲ್ಲ” ಅಂದದ್ದಕ್ಕೆ ಇನ್ನಷ್ಟು ಅನುಮಾನ ಬಂದು ಬಾಗಿಲು ಹಾಕಿಕೊಂಡಳು. ಸ್ಕೇಲಕ್ಕ ಕಾಗದವನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಪಕ್ಕದ ಮನೆಗೆ ಹೋದಳು.

ಇದನ್ನೆಲ್ಲ ಅವಳ ಗಂಡ ಒಮ್ಮೆ ಫೋನಿನಲ್ಲಿ ತಂಗಿಗೆ ವರ್ಣಿಸಿ ಹೇಳಿದ. ಮಂಡಿನೋವು ಇಟ್ಟುಕೊಂಡು ಹೀಗೆ ಅಲೆಯುತ್ತಾಳೆ, ನೀನಾದರೂ ಸ್ವಲ್ಪ ಹೇಳು ಅಂದ.

“ಹೇಳಲಿ ಬಿಡಿ ಭಾವ. ಅವರಿಗಾದ್ರೂ ಹೇಳಲಿ” ಅಂದಳು ತಂಗಿ. ಆಮೇಲೆ, ಮಂಡಿಗೆ ಯಾವ ಎಣ್ಣೆ ಹಚ್ಚುತ್ತಿದ್ದಾಳೆ ಅಂತ ಕೇಳಿದಳು.